ನಮ್ಮ ಸಮುದಾಯ ಭವನದ ಜೀರ್ಣೋದ್ಧಾರ

(ಶತಮಾನೋತ್ಸವದ ಅಂಗವಾಗಿ ಸಮುದಾಯ ಭವನವನ್ನು ಪುನಃ ತೆರೆದ ಸಂಜೆ ವಿಚಾರಣಾ ಗುರುಗಳು ಮಾಡಿದ ಭಾಷಣದ ಪಾಠ)



ಈ ಶತಮಾನೋತ್ಸವದಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ನಮ್ಮ ಪೂರ್ವಿಕರ ವಿಶ್ವಾಸವನ್ನೂ ಈ ದೇವಾಲಯವನ್ನು ಕಟ್ಟಿಸಿದ ಮಿಷನರಿ ಗುರುಗಳ ತ್ಯಾಗವನ್ನೂ ನಮಗಿಂತ ಬಲ್ಲವರು ನಿಮ್ಮ ಮುಂದೆ ವರ್ಣಿಸಿದ್ದಾರೆ. ಆದುದರಿಂದ ನಾವು ಈ ಸಂಜೆ, ಈ ಭವನದ ವಿಷಯವನ್ನು ಮಾತ್ರ ಪ್ರಸ್ತಾಪಿಸಬಯಸುತ್ತೇವೆ. ವಂದನಾರ್ಪಣೆಗೆಂದು ನಮ್ಮನ್ನು ಎಬ್ಬಿಸಿದ್ದಾರೆ. ವಂದಿಸುವುದಕ್ಕೆ ಮುನ್ನ ಒಂದು ತಪ್ಪೊಪ್ಪಿಗೆ ಇದೆ. ಜೀವಮಾನವೆಲ್ಲ ಇತರರ ಪಾಪನಿವೇದನೆಯನ್ನು ಕೇಳಿದವರಿಗೆ ತಮ್ಮದನ್ನು ಸಭೆಯ ಮುಂದೆ ಹೇಳುವುದು ಅಷ್ಟು ಸುಲಭವಲ್ಲ. ಆದರೂ ಹೇಳದೆ ಮುಂದುವರಿಯುವುದು ಪ್ರಾಮಾಣಿಕತೆಯಾಗದು.

ನಾವು ಈ ಭವನವನ್ನು ಮೊತ್ತಮೊದಲು ಕಂಡದ್ದು 1980ರ ದಶಕದ ಕೊನೆಯಲ್ಲಿ, ಗುರುದೀಕ್ಷೆ ಪಡೆದ ಹೊಸತರಲ್ಲಿ ಇಲ್ಲಿಗೆ ಸಹಾಯಕ ಗುರುಗಳಾಗಿ ಬಂದಾಗ. ಆಗ ಈ ಭವನಕ್ಕೆ ಬೀಗವಿತ್ತೆಂಬ ನೆನಪೇ ನಮಗಿಲ್ಲ. ಬೆಳಿಗ್ಗೆ ಶಿಶುವಿಹಾರ, ಮಧ್ಯಾಹ್ನ ಹೆಣ್ಣುಮಕ್ಕಳ ಹೊಲಿಗೆ ತರಗತಿ, ಸಂಜೆ ತೋಟದ ಕೆಲಸ ಮುಗಿಸಿ ಬಂದವರಿಗೆ ರಾತ್ರಿಶಾಲೆ. ತಪಸ್ಸುಕಾಲ ಬಂದಿತೆಂದರೆ ಯೇಸುಸ್ವಾಮಿಯ ಪಾಡುಗಳ ನಾಟಕದ ಅಭ್ಯಾಸ. ಪಿಲಾತನ ಪಾತ್ರಕ್ಕೆ ಪ್ರತಿವರ್ಷವೂ ಪೈಪೋಟಿ, ಯೂದನ ಪಾತ್ರಕ್ಕೆ ಮಾತ್ರ ಯಾರೂ ಮುಂದೆ ಬಾರರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಲೆನಾಡಿನ ಮಳೆಯಲ್ಲಿ, ಲೈನು ಮನೆಗಳಲ್ಲಿ ಮದುವೆಯ ಚಪ್ಪರ ಹಾಕಲಾಗದವರಿಗೆ ಈ ಮಾಡೇ ಚಪ್ಪರವಾಗಿತ್ತು.

ಗುರುಗಳ ಬಾಳು ಗೊತ್ತಿರುವುದೇ; ವರ್ಗಾವಣೆಯ ಪತ್ರ ಬಂದಾಗ ಪೆಟ್ಟಿಗೆ ಕಟ್ಟಬೇಕು. ಅನೇಕ ವರ್ಷಗಳ ನಂತರ ವಿಚಾರಣಾ ಗುರುಗಳಾಗಿ ಹಿಂದಿರುಗಿದಾಗ, ಇದೇ ಬಾಗಿಲಿಗೆ ತುಕ್ಕು ಹಿಡಿದ ದೊಡ್ಡ ಬೀಗವೊಂದು ಜೋತಾಡುತ್ತಿತ್ತು. ಒಳಗೆ ಮುರಿದ ಬೆಂಚುಗಳು, ಹಬ್ಬದ ತೇರಿನ ಒಂದು ಗಾಲಿ, ಗೋದಲಿಯ ಬೊಂಬೆಗಳಲ್ಲಿ ಕೈ ಹೋದವು, ಕಾಲು ಹೋದವು. ಮೂರು ಕಡೆ ಮಾಡು ಸೋರುತ್ತಿತ್ತು. ರೀಪುಗಳಿಗೆ ಗೆದ್ದಲು ಹಿಡಿದಿತ್ತು.

ಈ ಗತಿ ಹೇಗೆ ಬಂದಿತೆಂದು ವಿಚಾರಿಸಿದೆವು. ಮಳೆಯ ಮೇಲೆ ದೂರು ಹೊರಿಸುವುದು ಸುಲಭ. ಆದರೆ ಮಳೆ ಮೊದಲೂ ಇತ್ತು. ನಡೆದದ್ದು ಇಷ್ಟು: ಭವನದಿಂದ ಆದಾಯ ಬರಲಿ ಎಂದು ಒಂದು ಕಾಲದಲ್ಲಿ ಮದುವೆಯ ಬಾಡಿಗೆಯನ್ನು ಏರಿಸಲಾಯಿತು. ಕೂಲಿಯಿಂದ ಬದುಕುವವರು ಬರುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಪೇಟೆಯಲ್ಲಿ ಕಲ್ಯಾಣ ಮಂಟಪಗಳು ಎದ್ದವು. ಬಾಡಿಗೆ ಕೊಡಬಲ್ಲ ಅನುಕೂಲಸ್ಥರು ಅಲ್ಲಿಗೆ ಹೋದರು. ಹೀಗೆ ಬಡವರೂ ಇಲ್ಲ, ಬಲ್ಲಿದರೂ ಇಲ್ಲ ಎಂದಾಯಿತು. ಉಪಯೋಗವಿಲ್ಲದ ಕಟ್ಟಡಕ್ಕೆ ದುರಸ್ತಿ ಏಕೆ ಎಂದರು. ದುರಸ್ತಿಯಿಲ್ಲದ ಕಟ್ಟಡವನ್ನು ಉಪಯೋಗಿಸುವುದು ಹೇಗೆ ಎಂದೂ ಅವರೇ ಕೇಳಿದರು. ಮನೆ ಹಾಳಾಗುವುದು ಮಳೆ ಗಾಳಿಯಿಂದ ಮಾತ್ರವಲ್ಲ. ಒಲೆ ಉರಿಯದ, ಕಸ ಗುಡಿಸದ ಮನೆಯನ್ನು ಗೆದ್ದಲು ಬೇಗ ಕಂಡುಹಿಡಿಯುತ್ತದೆಂಬುದು ನಿಮಗೆಲ್ಲರಿಗೂ ತಿಳಿದದ್ದೇ.

ಇನ್ನು ನಮ್ಮ ತಪ್ಪಿನ ವಿಷಯ. ನಾವು ಬಂದ ಮೊದಲನೆಯ ವರ್ಷ, ಪೂಜ್ಯ ಮೇತ್ರಾಣಿಗಳ ಭೇಟಿ ಗೊತ್ತಾಯಿತು. ಭವನದ ದುರಸ್ತಿಗೆಂದು ನೀವು ಭಾನುವಾರಗಳಲ್ಲಿ ಕೊಟ್ಟ ಹಣ ಸ್ವಲ್ಪ ಇತ್ತು. ಆ ಹಣದಿಂದ ನಾವು ಮಾಡಿಸಿದ್ದೇನೆಂದರೆ, ರಸ್ತೆಗೆ ಕಾಣುವ ಮುಂಗೋಡೆಗೆ ಮಾತ್ರ ಬೆಲೆಬಾಳುವ ಪ್ಲಾಸ್ಟಿಕ್ ಪೇಂಟು! ಉಳಿದದ್ದು ದೀಪಾಲಂಕಾರಕ್ಕೆ ಹೋಯಿತು. ಮಾಡು ಸೋರುತ್ತಲೇ ಇತ್ತು. ಗಾರೆಯ ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಎರಡನೆಯ ಮಳೆಗಾಲಕ್ಕೆ ಪೇಂಟು ಬೊಬ್ಬೆಬೊಬ್ಬೆಯಾಗಿ ಎದ್ದು ಹಪ್ಪಳದಂತೆ ಉದುರಿತು. ಹೊರಗೆ ಸುಣ್ಣ ಬಳಿದ ಸಮಾಧಿಗಳ ಕುರಿತು ಪ್ರಭು ಯೇಸು ಫರಿಸಾಯರಿಗೆ ಹೇಳಿದ ಮಾತನ್ನು ನಾವು ಎಷ್ಟೋ ಬಾರಿ ಬೋಧಿಸಿದ್ದೇವೆ. ಆ ಗೋಡೆಯ ಪಕ್ಕದಲ್ಲಿ ದಿನವೂ ಹಾದುಹೋಗುವಾಗ ಅದು ನಮ್ಮ ಕಡೆಗೇ ತಿರುಗಿ ನೋಡುತ್ತಿತ್ತು.

ಅರಸರ ಎರಡನೆಯ ಗ್ರಂಥದಲ್ಲಿ, ಯೋವಾಷ ಅರಸನ ಕಾಲದ ಒಂದು ಪ್ರಸಂಗವಿದೆ. ದೇವಾಲಯದ ದುರಸ್ತಿಗೆಂದು ಯಾಜಕರು ಜನರಿಂದ ಹಣ ಪಡೆಯುತ್ತಿದ್ದರು. ಅರಸನ ಆಳ್ವಿಕೆಯ 23ನೆಯ ವರ್ಷವಾದರೂ ದುರಸ್ತಿ ಆಗಿರಲಿಲ್ಲ. ಕಡೆಗೆ ಅರಸನು ಆ ಹಣವನ್ನು ಯಾಜಕರ ಕೈಯಿಂದ ಬಿಡಿಸಿ, ಮುಚ್ಚಳಕ್ಕೆ ರಂಧ್ರ ಕೊರೆದ ಪೆಟ್ಟಿಗೆಯೊಂದನ್ನು ಬಲಿಪೀಠದ ಪಕ್ಕದಲ್ಲಿಡಿಸಿದನು. ಹಣ ನೇರವಾಗಿ ಬಡಗಿಗಳಿಗೂ ಕಲ್ಲುಕುಟಿಗರಿಗೂ ಹೋಯಿತು. ಹಣ ಹಂಚಿದವರು ನಂಬಿಗಸ್ತರಾಗಿದ್ದುದರಿಂದ ಅವರನ್ನು ಯಾರೂ ಲೆಕ್ಕ ಕೇಳಲಿಲ್ಲವಂತೆ. ಈ ಅಧ್ಯಾಯದ ಮೇಲೆ ಗುರುಗಳು ಪ್ರಬೋಧನೆ ಮಾಡಿದ್ದನ್ನು ನಾವು ಕೇಳಿದ್ದು ಕಡಿಮೆ. ಕಾರಣ ಸ್ಪಷ್ಟ.

ಶತಮಾನೋತ್ಸವ ಸಮಿತಿ ರಚನೆಯಾದಾಗ ಭವನವನ್ನು ಕೆಡವಿ, ಎರಡು ಅಂತಸ್ತಿನ ಹೊಸ ಮಂಟಪ ಕಟ್ಟಬೇಕೆಂಬ ಸಲಹೆ ಬಂದಿತು. ನಕ್ಷೆ ತಯಾರಾಯಿತು. ಕುಟುಂಬಕ್ಕೆ ಇಷ್ಟು ಎಂದು ವಂತಿಗೆಯ ಮಾತೂ ಆಯಿತು. ನಾವು ಒಪ್ಪಿದ್ದೆವು. ಆ ಭಾನುವಾರ ಪೂಜೆಯಾದ ಮೇಲೆ ನಾಲ್ವರು ನಮ್ಮನ್ನು ಕಾಣಲು ಬಂದರು. ಒಬ್ಬರು ತೋಟದಲ್ಲಿ ರೈಟರಾಗಿದ್ದು ನಿವೃತ್ತರಾದವರು, ಒಬ್ಬರು ದಿನಗೂಲಿಗೆ ಬಣ್ಣ ಬಳಿಯುವವರು, ಇಬ್ಬರು ಕಾಲೇಜಿನ ಹೆಣ್ಣುಮಕ್ಕಳು. "ಸ್ವಾಮಿ, ಬೀಗದಕೈ ಕೊಡಿ. ಕೆಡವೋದಕ್ಕೆ ಮುಂಚೆ ಒಂದು ಸಲ ಗುಡಿಸಿ ನೋಡ್ತೀವಿ" ಎಂದರು. ನಾವು ನೋಡೋಣ ಎಂದೆವು. ಗುರುಗಳು ನೋಡೋಣ ಎಂದರೆ ಏನರ್ಥವೆಂದು ನಿಮಗೆ ಗೊತ್ತು. ಮೂರು ಭಾನುವಾರ ಬಂದರು. ಮೂರನೆಯ ಭಾನುವಾರ ಬೇಸರದಿಂದಲೇ ಬೀಗದಕೈ ಕೊಟ್ಟೆವು. ಶ್ರೀಸಾಮಾನ್ಯರ ಪ್ರೇಷಿತ ಕಾರ್ಯವನ್ನು ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಆದೇಶಪತ್ರವನ್ನು ಗುರುಮಠದಲ್ಲಿ ನಾವು ಓದಿ ಪರೀಕ್ಷೆ ಬರೆದವರು. ಆದರೆ ಬೀಗದಕೈ ಕೊಡುವುದಕ್ಕೆ ಮೂರು ವಾರ ಹಿಡಿಯಿತು!

ಕೆಲಸ ತಪಸ್ಸುಕಾಲದ ಆರಂಭದಲ್ಲಿ ತೊಡಗಿತು. ಶನಿವಾರ ಮಧ್ಯಾಹ್ನ, ಭಾನುವಾರ ಪೂಜೆಯ ನಂತರ. ಭಾನುವಾರ ಮೈಬಗ್ಗಿಸಿ ಕೆಲಸ ಮಾಡಬಹುದೇ ಎಂದು ಒಬ್ಬ ಅಜ್ಜಿ ನಮ್ಮನ್ನು ಗಂಭೀರವಾಗಿ ಕೇಳಿದರು. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಎತ್ತುವುದಿಲ್ಲವೇ ಎಂದು ಪ್ರಭು ಕೇಳಿದ್ದನ್ನು ನೆನಪಿಸಿದೆವು. ಅಜ್ಜಿ ಸ್ವಲ್ಪ ಯೋಚಿಸಿ, "ಎತ್ತು ಬಿದ್ದು ಇಪ್ಪತ್ತು ವರ್ಷ ಆಯ್ತಲ್ಲ ಸ್ವಾಮಿ" ಎಂದು ಹೇಳಿ, ಸೆರಗು ಕಟ್ಟಿ ಪೊರಕೆ ಹಿಡಿದರು.

ಮೊದಲು ಮಾಡು, ಆಮೇಲೆ ಗೋಡೆ ಎಂದು ಬಣ್ಣದ ಕೆಲಸದವರು ಪಟ್ಟು ಹಿಡಿದರು. ಬಣ್ಣ ಬಳಿದು ಹೊಟ್ಟೆ ಹೊರೆಯುವವರು ಬಣ್ಣ ಕಡೆಗೆ ಎಂದರು; ಬಣ್ಣದ ಸುದ್ದಿ ತಿಳಿಯದ ನಾವು ಬಣ್ಣ ಮೊದಲು ಎಂದಿದ್ದೆವು. ಹೆಂಚುಗಳನ್ನು ಒಂದೊಂದಾಗಿ ಇಳಿಸಿ, ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಅಂಗಳದಲ್ಲಿ ಸಾಲಾಗಿ ಒಣಗಿಸಲಾಯಿತು. ಹೆಂಚುಗಳ ಅಡಿಭಾಗದಲ್ಲಿ ಮಂಗಳೂರಿನ ಬೇರೆ ಬೇರೆ ಕಾರ್ಖಾನೆಗಳ ಮುದ್ರೆ ಇತ್ತು. ಮಂಗಳೂರಿನಲ್ಲಿ ಇಂಥ ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಪ್ರಾರಂಭಿಸಿದವರು ಬಾಸೆಲ್ ಮಿಷನ್ನಿನವರು. ಕಥೋಲಿಕರಾದ ನಮ್ಮ ತಲೆಯ ಮೇಲಿನ ನೆರಳಿಗಾಗಿ ಪ್ರೊಟೆಸ್ಟಂಟ್ ಬಂಧುಗಳಿಗೆ ಋಣಿಗಳಾಗಿದ್ದೇವೆಂದು ಯುವಕರಿಗೆ ಹೇಳಿದಾಗ ಅವರು ನಕ್ಕರು.

ಹೆಂಚು ಇಳಿಸಿದ ವಾರವೇ ಹೂಮಳೆ ಬಂದಿತು. ಕಾಫಿ ಅರಳಲು ಬೇಕಾದ ಮಳೆ. ತೋಟದ ಸಾಹುಕಾರರು ದೇವರಿಗೆ ಸ್ತೋತ್ರ ಸಲ್ಲಿಸುತ್ತಿರುವಾಗ, ನಾವು ಟಾರ್ಪಾಲು ಹುಡುಕುತ್ತಾ ಓಡುತ್ತಿದ್ದೆವು. ಒಂದೇ ಮಳೆಗಾಗಿ ಒಂದೇ ಧರ್ಮಕೇಂದ್ರದಿಂದ ಎರಡು ವಿರುದ್ಧ ಪ್ರಾರ್ಥನೆಗಳು ಮೇಲೇರಿದ ದಿನವದು. ಮರುದಿನ ಅದೇ ಸಾಹುಕಾರರಲ್ಲೊಬ್ಬರು ತಮ್ಮ ಕಾಫಿ ಕಣದ ದೊಡ್ಡ ಟಾರ್ಪಾಲನ್ನು ಕಳುಹಿಸಿಕೊಟ್ಟರೆಂಬುದನ್ನು ಇಲ್ಲಿ ಹೇಳಬೇಕು.

ಗೋಡೆ ಕೆರೆಯುವ ಕೆಲಸ ಎಲ್ಲಕ್ಕಿಂತ ಬೇಸರದ್ದು. ಧೂಳು ಮೂಗಿಗೆ, ಕಣ್ಣಿಗೆ. ಕರಣೆಯಿಂದ ಕೆರೆದು ಉಪ್ಪುಕಾಗದದಿಂದ ಉಜ್ಜಿದಂತೆ ನಮ್ಮ ಪ್ಲಾಸ್ಟಿಕ್ ಪೇಂಟಿನ ಕೆಳಗೆ ನೀಲಿ ಡಿಸ್ಟೆಂಪರು, ಅದರ ಕೆಳಗೆ ಹಳದಿ, ಎಲ್ಲಕ್ಕೂ ಕೆಳಗೆ ಹಳೆಯ ಸುಣ್ಣ ಕಾಣಿಸಿತು. ಬಾಗಿಲಿನ ಪಕ್ಕದಲ್ಲಿ ಆ ಸುಣ್ಣದ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳಿದ್ದವು. ನಾಲ್ಕು ಗೆರೆ, ಮೇಲೊಂದು ಅಡ್ಡ ಗೆರೆ, ಹೀಗೆ ಸಾಲುಸಾಲು. ಮಕ್ಕಳ ಗೀಚಾಟವೆಂದು ಯುವಕರು ಎಣಿಸಿದರು. ಹೆಂಚು ತೊಳೆಯುತ್ತಿದ್ದ ಆ ಅಜ್ಜಿಯೇ ಬಂದು ನೋಡಿ, ಇದು ಹಾಲಿನ ಪುಡಿಯ ಲೆಕ್ಕವೆಂದು ಹೇಳಿದರು. 1960ರ ದಶಕದ ಬರಗಾಲದಲ್ಲಿ ಅಮೆರಿಕದಿಂದ ಪಿ.ಎಲ್. 480 ಯೋಜನೆಯಡಿ ಬಂದ ಗೋಧಿ, ಹಾಲಿನ ಪುಡಿಗಳನ್ನು ಕ್ಯಾಥೊಲಿಕ್ ರಿಲೀಫ್ ಸರ್ವೀಸಸ್ ಸಂಸ್ಥೆಯು ಧರ್ಮಪ್ರಾಂತ್ಯಗಳ ಮೂಲಕ ದೇಶದ ಅನೇಕ ಕಡೆ ಹಂಚುತ್ತಿತ್ತು. ಆಗತಾನೇ ಎದ್ದಿದ್ದ ಈ ಭವನದ ಈ ಬಾಗಿಲಲ್ಲಿ ತಂಬಿಗೆ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಅವರೂ ಒಬ್ಬರು, ಏಳೆಂಟು ವರ್ಷದ ಹುಡುಗಿ. ಸಾಲಿನಲ್ಲಿ ಯಾರು ಯಾವ ಮತದವರೆಂದು ಉಪದೇಶಿಗಳು ಕೇಳುತ್ತಿರಲಿಲ್ಲವಂತೆ. ತಂಬಿಗೆ ಒರೆಸಿದೆಯೇ ಎಂದು ಮಾತ್ರ ಕೇಳುತ್ತಿದ್ದರಂತೆ. ಆ ಗೆರೆಗಳನ್ನು ಹಾಗೆಯೇ ಉಳಿಸಬೇಕೆಂದು ನಮಗೆ ತೋಚುವಷ್ಟರಲ್ಲಿ, ಹುರುಪಿನ ಹುಡುಗರು ಅದರ ಮೇಲೆ ಎರಡು ಕೈ ಸುಣ್ಣ ಬಳಿದಾಗಿತ್ತು. ಏನು ಮಾಡುವುದು? ಒಳಗೆ ಇದೆ.

ಪ್ಲಾಸ್ಟಿಕ್ ಪೇಂಟು ಬೇಡ, ಸುಣ್ಣವೇ ಸಾಕು ಎಂದು ನಿರ್ಧರಿಸಿದ್ದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಗಾರೆಯ ಗೋಡೆ ಉಸಿರಾಡಬೇಕು. ಒಳಗಿನ ತೇವ ಹೊರಬರಲು ಸುಣ್ಣ ಅವಕಾಶ ಕೊಡುತ್ತದೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಬೆಂಕಿಯಿಲ್ಲದೆ ಕೊತಕೊತನೆ ಕುದಿಯುವುದನ್ನು ನಮ್ಮ ಪೇಟೆಯ ಮಕ್ಕಳು ಮೊದಲ ಬಾರಿಗೆ ಕಂಡರು. ಅದನ್ನು ಕೆಲವು ದಿನ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿಯಬೇಕು. ಬಳಿಯುವಾಗ ಬಿಳುಪೇ ಕಾಣದು. ಏನೂ ಆಗಲಿಲ್ಲವೆಂದು ಮಕ್ಕಳು ಇನ್ನಷ್ಟು ದಪ್ಪವಾಗಿ ಮೆತ್ತಿದರು, ಅದು ಸಿಪ್ಪೆಯೆದ್ದು, ಮತ್ತೆ ಕೆರೆಯಬೇಕಾಯಿತು. ಒಣಗಿದ ಮೇಲೆಯೇ ಬೆಳಗುವುದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ತಿರುಗಿ ಕಲ್ಲಾಗುತ್ತದೆಂದು ವಿಜ್ಞಾನದ ಅಧ್ಯಾಪಕರೊಬ್ಬರು ಮಕ್ಕಳಿಗೆ ತಿಳಿಸಿದರು. ಒಬ್ಬ ಹುಡುಗನ ಕಣ್ಣಿಗೆ ಸುಣ್ಣ ಸಿಡಿದು ನಮಗೆಲ್ಲ ಜೀವ ಹೋದಂತಾಯಿತು. ಕೂಡಲೇ ಬಹಳ ಹೊತ್ತು ನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ದರು. ದೇವರ ದಯೆ, ಕಣ್ಣು ಉಳಿಯಿತು. ಅಂದಿನಿಂದ ಕನ್ನಡಕವಿಲ್ಲದೆ ಯಾರೂ ಸುಣ್ಣ ಮುಟ್ಟಕೂಡದೆಂದು ರೈಟರು ಆಜ್ಞೆ ಮಾಡಿದರು. ನಮಗೂ ಅದೇ ಆಜ್ಞೆ.

ಇಲ್ಲಿ ಒಂದು ಕಠಿಣ ವಿಷಯವನ್ನು ಎತ್ತಬೇಕಾಗಿದೆ. ಸೇವೆ, ಶ್ರಮದಾನ ಎಂಬ ಪವಿತ್ರ ಮಾತುಗಳಿಂದ ಬಡವರ ಕೂಲಿಯನ್ನು ಉಳಿಸಿಕೊಳ್ಳುವ ಅಪಾಯ ಧರ್ಮಕೇಂದ್ರಗಳಲ್ಲಿ ಉಂಟು. ಅನುಕೂಲಸ್ಥರು ಚೆಕ್ಕು ಬರೆದು ಮನೆಗೆ ಹೋಗುವುದು, ದಿನಗೂಲಿಯವರು ತಮ್ಮ ಒಂದೇ ಬಿಡುವಿನ ದಿನವನ್ನು ಕೊಡುವುದು ನ್ಯಾಯವೇ? ನ್ಯಾಯವಾದ ಕೂಲಿಯ ಕುರಿತು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿಯೇ ವಿಶ್ವಪತ್ರ ಹೊರಡಿಸಿದರು. ಮಾನವ ದುಡಿಮೆಯ ಘನತೆಯ ಕುರಿತು ಜಗದ್ಗುರು ಎರಡನೆಯ ಜಾನ್ ಪೌಲ್ 1981ರಲ್ಲಿ ಬರೆದರು. ಇವನ್ನು ಪ್ರಬೋಧನೆಯಲ್ಲಿ ಉದ್ಧರಿಸಿ, ನಮ್ಮ ಅಂಗಳದಲ್ಲಿಯೇ ಮರೆಯಲಾಗದು. ಆದ್ದರಿಂದ ಮಾಡಿನ ಮರಗೆಲಸ, ಬಿದಿರಿನ ಸಾರುವೆ ಕಟ್ಟುವುದು ಮುಂತಾದ ಕಸುಬಿನ ಕೆಲಸಕ್ಕೆ ಪೇಟೆಯ ದರದಲ್ಲಿಯೇ ಪೂರ್ಣ ಕೂಲಿ ಎಂದು ತೀರ್ಮಾನಿಸಿದೆವು. ಬಡಗಿಗಳು ಹಿಂದೂ ಬಾಂಧವರು, ಗಾರೆ ಕೆಲಸದವರು ಮುಸ್ಲಿಂ ಬಾಂಧವರು; ಕೂಲಿ ಪಡೆದ ಮೇಲೂ ಸಂಜೆ ಒಂದು ಗಂಟೆ ಹೆಚ್ಚಾಗಿ ನಿಂತು, ನಮ್ಮ ಹುಡುಗರಿಗೆ ಕರಣೆ ಹಿಡಿಯುವುದನ್ನು ಕಲಿಸಿದರು. ನಮ್ಮ ಬಣ್ಣದವರು ಮಾತ್ರ ಕೂಲಿಯ ಲಕೋಟೆಯನ್ನು ಎರಡು ಬಾರಿ ಹಿಂದಿರುಗಿಸಿದರು. ಮೂರನೆಯ ಬಾರಿ ನಾವು ಸ್ವಲ್ಪ ಗದರಿದೆವು. "ಸ್ವಾಮಿ, ವಂತಿಗೆ ಕೊಡೋಕೆ ನನ್ನ ಹತ್ರ ಇಲ್ಲ. ಇದನ್ನೂ ತಗೊಂಡುಬಿಟ್ರೆ ನಾನು ಏನು ಕೊಟ್ಟ ಹಾಗಾಯ್ತು?" ಎಂದರು. ನಮ್ಮ ನ್ಯಾಯವೂ ಅವರ ಮಾತೂ ಎರಡೂ ಸರಿಯೇ. ಕಡೆಗೆ ಅರ್ಧಕ್ಕೆ ಒಪ್ಪಂದವಾಯಿತು. ಇಬ್ಬರಿಗೂ ಪೂರ್ಣ ಸಮಾಧಾನವಾಗಲಿಲ್ಲ.

ಈ ವಂತಿಗೆಯ ಮಾತಿನಿಂದಲೇ ಶಿಲಾಫಲಕದ ಪ್ರಶ್ನೆ ಬಂದಿತು. ದಾನಿಗಳ ಹೆಸರುಗಳ ಫಲಕ ಬೇಕೆಂದು ಕೆಲವರು, ಬೇಡವೆಂದು ಕೆಲವರು. ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದಿರಿ. ಬರೀ ಹೆಸರುಗಳ ಪಟ್ಟಿಯೆಂದು ನಾವೆಲ್ಲ ದಾಟಿಹೋಗುವ ಅಧ್ಯಾಯವದು. ಪಾಳುಬಿದ್ದ ಜೆರುಸಲೇಮಿನ ಗೋಡೆಯನ್ನು 52 ದಿನಗಳಲ್ಲಿ ಎಬ್ಬಿಸಿದವರ ಹೆಸರುಗಳು ಅಲ್ಲಿವೆ. ಯಾರು ಯಾವ ಬಾಗಿಲಿನಿಂದ ಯಾವ ಬುರುಜಿನವರೆಗೆ ಕಟ್ಟಿದರು ಎಂಬ ವಿವರದೊಡನೆ. ಅಕ್ಕಸಾಲಿಗರಿದ್ದಾರೆ, ಸುಗಂಧದ್ರವ್ಯ ಮಾಡುವವರಿದ್ದಾರೆ, ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳೊಡನೆ ಬಂದಿದ್ದಾನೆ. ಅನೇಕರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವ ಊರಿನ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲವೆಂದು ಬರೆದಿದೆ. ಅದೇ ಊರಿನ ಸಾಮಾನ್ಯ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಪಾಲನ್ನೂ ಕಟ್ಟಿದರು. ನಮ್ಮನ್ನು ಚುಚ್ಚಿದ್ದು ಮೊದಲನೆಯ ವಾಕ್ಯ. ಎಲ್ಲರಿಗಿಂತ ಮೊದಲು ಎದ್ದು ಕೆಲಸಕ್ಕೆ ತೊಡಗಿದವರು ಮಹಾಯಾಜಕನೂ ಅವನ ಸಹಯಾಜಕರೂ. ಇಲ್ಲಿ ಯಾಜಕನು ಕಡೆಗೆ ಬಂದನು.

ಹಣ ಕೊಟ್ಟವರನ್ನು ನಾವು ಕಡೆಗಣಿಸುತ್ತಿಲ್ಲ. ರೀಪು, ಹೆಂಚು, ಸುಣ್ಣ ಯಾವುದೂ ಬಿಟ್ಟಿ ಬರಲಿಲ್ಲ. ದೂರದೂರುಗಳಲ್ಲಿ ದುಡಿಯುವ ನಮ್ಮ ಮಕ್ಕಳು ಕಳುಹಿಸಿದ ಹಣವಿಲ್ಲದೆ ಈ ಮಾಡು ಏಳುತ್ತಿರಲಿಲ್ಲ. ಫಲಕವನ್ನು ಹಾಕಿಸುತ್ತೇವೆ. ಅದರೊಡನೆ, ಕಾಲೇಜಿನ ಆ ಇಬ್ಬರು ಹೆಣ್ಣುಮಕ್ಕಳು ಪ್ರತಿ ದಿನವೂ ಕೆಲಸಕ್ಕೆ ಬಂದವರ ಹೆಸರು, ಮಾಡಿದ ಕೆಲಸ ಎರಡನ್ನೂ ಬರೆದಿಟ್ಟ ನೋಟುಪುಸ್ತಕವನ್ನು ನಾವು ಕೇಳಿ ಪಡೆದಿದ್ದೇವೆ. ಅದಕ್ಕೆ ರಟ್ಟು ಕಟ್ಟಿಸಿ, ಜ್ಞಾನಸ್ನಾನದ ಹಾಗೂ ಮದುವೆಯ ದಾಖಲೆ ಪುಸ್ತಕಗಳಿರುವ ಕಪಾಟಿನಲ್ಲಿಯೇ ಇಟ್ಟಿದ್ದೇವೆ. "ಗಂಜಿ ಬೇಯಿಸಿದರು", "ಮೊಳೆ ನೆಟ್ಟಗೆ ಮಾಡಿದರು", "ಸುಮ್ಮನೆ ಬಂದು ಕುಳಿತಿದ್ದರು" ಎಂದೆಲ್ಲ ಅದರಲ್ಲಿದೆ. ಕಡೆಯದು ಒಂದು ಕಡೆ ನಮ್ಮ ಹೆಸರಿನ ಮುಂದೆಯೂ ಇದೆ.

ಅಸ್ಸೀಸಿಯ ಸಂತ ಫ್ರಾನ್ಸಿಸರ ಕಥೆಯನ್ನು ಮಕ್ಕಳಿಗೂ ಗೊತ್ತಿರುವಂತೆ ಹೇಳುತ್ತೇವೆ. ಸಾನ್ ದಮಿಯಾನೋ ಎಂಬ ಪಾಳು ದೇವಾಲಯದಲ್ಲಿ, ತನ್ನ ಆಲಯವನ್ನು ಸರಿಪಡಿಸೆಂದು ಶಿಲುಬೆಯ ಮೇಲಿನ ಪ್ರಭು ಹೇಳಿದ್ದನ್ನು ಕೇಳಿ, ಅವರು ಊರಿನಲ್ಲಿ ಕಲ್ಲು ಬೇಡಿ ತಂದು ಗೋಡೆ ಕಟ್ಟಿದರು. ಆಮೇಲೆ ಇನ್ನೆರಡು ಗುಡಿಗಳನ್ನೂ ಸರಿಪಡಿಸಿದರು. ಪ್ರಭು ಹೇಳಿದ್ದು ಧರ್ಮಸಭೆಯನ್ನು ಕುರಿತು, ಫ್ರಾನ್ಸಿಸರು ಕಟ್ಟಡವೆಂದು ತಪ್ಪಾಗಿ ತಿಳಿದರು ಎಂದು ಬೋಧಕರು ವಿವರಿಸುವುದುಂಟು. ನಾವೂ ಹಾಗೆಯೇ ವಿವರಿಸಿದ್ದೇವೆ. ಈಗ ಅಷ್ಟು ಖಚಿತವಿಲ್ಲ. ಕಲ್ಲು ಹೊರದೆ ಅವರಿಗೆ ಆ ಇನ್ನೊಂದು ಅರ್ಥ ತಿಳಿಯುತ್ತಿತ್ತೋ ಇಲ್ಲವೋ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಭವ್ಯ ಆಲಯ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ಬೇಸಗೆಯಲ್ಲಿ ಮೇಲೇಳುತ್ತದೆ. ಜನ ಅಲ್ಲಿಗೆ ಹೋಗಿ ಫೋಟೋ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಜನರನ್ನು ಎಬ್ಬಿಸಿದ್ದು ನೀರು. ಅವರು ಬೇರೆ ಕಡೆ ನೆಲೆಸಿದರು, ಬೇರೆ ದೇವಾಲಯ ಕಟ್ಟಿಕೊಂಡರು. ನಮ್ಮಲ್ಲಿ ಯಾವ ನೀರೂ ಬರಲಿಲ್ಲ. ನಾವೆಲ್ಲರೂ ಇಲ್ಲಿಯೇ ಇದ್ದೆವು, ಪ್ರತಿ ಭಾನುವಾರ ಈ ಬಾಗಿಲನ್ನು ದಾಟಿಯೇ ಪೂಜೆಗೆ ಹೋದೆವು.

ಇನ್ನು ಮುಂದಿನ ಏರ್ಪಾಡು ಹೀಗಿದೆ. ಬೀಗದಕೈ ನಮ್ಮ ಬಳಿ ಇರುವುದಿಲ್ಲ. ಒಂದು ರೈಟರ ಮನೆಯಲ್ಲಿ, ಒಂದು ಕನ್ಯಾಮಠದಲ್ಲಿ, ಒಂದು ಬಣ್ಣದವರ ಮನೆಯಲ್ಲಿ ಇರುತ್ತದೆ. ಮದುವೆಗೆ ಬಾಡಿಗೆಯಿಲ್ಲ, ಉಪಯೋಗಿಸಿದವರು ಶಕ್ತ್ಯನುಸಾರ ಪೆಟ್ಟಿಗೆಗೆ ಹಾಕಿ, ಗುಡಿಸಿ ಹೋಗತಕ್ಕದ್ದು. ಪೆಟ್ಟಿಗೆಯ ಮುಚ್ಚಳಕ್ಕೆ ರಂಧ್ರ ಕೊರೆಸಿದ್ದೇವೆ; ತೆರೆದು ಎಣಿಸುವವರು ನಾವಲ್ಲ.

ಈ ದಿನ ಇಲ್ಲಿ ಕುಳಿತಿರುವ ನಿಮಗೆ ಮುಂಭಾಗ ಚೆನ್ನಾಗಿ ಕಾಣುತ್ತಿದೆ. ಹಿಂಬದಿಯ ಜಗುಲಿಯೂ ಅಡಿಗೆಯ ಕೋಣೆಯ ಎರಡು ಕಿಟಕಿಗಳೂ ಇನ್ನೂ ಉಳಿದಿವೆ. ಮಳೆ ಹಿಡಿಯುವುದಕ್ಕೆ ಎರಡು ವಾರವಿದೆ ಎನ್ನುತ್ತಾರೆ. ಬರುವ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬರತಕ್ಕವರು ಹಳೆಯ ಬಟ್ಟೆ ಉಟ್ಟು ಬನ್ನಿರಿ. ಬ್ರಷ್ಷುಗಳು ಸಾಲದು, ಮನೆಯಲ್ಲಿದ್ದರೆ ತನ್ನಿರಿ. ಗಂಜಿಯೂ ಚಟ್ನಿಯೂ ಇರುತ್ತವೆ.